ಉತ್ತರ ಗೊತ್ತಿಲ್ಲದ ಕೋಣೆ

ಲ್ಯಾಬಿನಲ್ಲಿ ಕೆಲಸ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಗುತ್ತಿತ್ತು. ಅಮ್ಮನ ಪಾಲಿಗೆ ಅದು ಬೆರಳಿಗೆ ಚುಚ್ಚುವ ಜಾಗ. ಅಡಿಕೆ ತೋಟ ನೋಡಿಕೊಳ್ಳುವ ಅಣ್ಣನಿಗೆ, ಮಣ್ಣಿನ ಪೊಟ್ಟಣ ಕೊಟ್ಟು ಅದು ಮರೆತುಹೋದ ಮೇಲೆ ಚೀಟಿ ಪಡೆಯುವ ಆಫೀಸು. ಬೆಂಗಳೂರಿನಲ್ಲಿರುವ ಸೋದರಳಿಯನಿಗೆ ಕಂಪ್ಯೂಟರುಗಳ ಸಾಲು. ಮದುವೆ ಮನೆಯಲ್ಲಿ ಸಿಗುವ ದೂರದ ನೆಂಟರು ಮಾತ್ರ, ‘ಹೊಸದೇನು ಕಂಡುಹಿಡಿದ್ರಿ?’ ಎಂದು ಕೇಳುವರು. ಹೊಸದೇನನ್ನೂ ಕಂಡುಹಿಡಿಯದೆಯೇ ನಾನು ನಿವೃತ್ತನಾದೆ. ಇದರಲ್ಲಿ ನಾಚಿಕೆಯೇನಿಲ್ಲ. ಲೋಕದ ಬಹುಪಾಲು ಲ್ಯಾಬುಗಳು ಏನನ್ನೂ ಕಂಡುಹಿಡಿಯುವುದಿಲ್ಲ. ಈ ಹಾಲಿನಲ್ಲಿ ಜಿಡ್ಡೆಷ್ಟು, ಈ ನೀರು ಕುಡಿಯಬಹುದೇ, ಈ ಕಫದಲ್ಲಿ ಕ್ರಿಮಿ ಇದೆಯೇ ಎಂದು ದಿನ ಬೆಳಗಾದರೆ ಅದೇ ಪ್ರಶ್ನೆ ಕೇಳುತ್ತವೆ. ಪ್ರಶ್ನೆ ಹಳೆಯದು, ಉತ್ತರ ಮಾತ್ರ ಪ್ರತಿ ಸಲವೂ ಹೊಸದು.

ನಾನು ಕಂಡ ಮೊದಲ ಲ್ಯಾಬಿನಲ್ಲಿ ಉತ್ತರವೂ ಹಳೆಯದೇ ಆಗಿತ್ತು. ಮಲೆನಾಡಿನ ಒಂದು ಪಿಯುಸಿ ಕಾಲೇಜು, ಎಪ್ಪತ್ತರ ದಶಕದ ಕೊನೆ. ಹಂಚಿನ ಮಾಡಿನ ಉದ್ದನೆಯ ಕೋಣೆ, ಆಸಿಡ್ ಬಿದ್ದು ಬಿದ್ದು ಮೈಯೆಲ್ಲ ಕಲೆಯಾದ ಮೇಜು, ಮಳೆಗಾಲದಲ್ಲಿ ಎಷ್ಟು ಕಡ್ಡಿ ಗೀರಿದರೂ ಹತ್ತದ ಸ್ಪಿರಿಟ್ ದೀಪ. ಮೂಲೆಯಲ್ಲಿದ್ದ ಕಿಪ್ಸ್ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಬಿಟ್ಟ ದಿನ ಪಕ್ಕದ ಇತಿಹಾಸದ ಕ್ಲಾಸಿನವರು ಕೊಳೆತ ಮೊಟ್ಟೆಯ ನಾತಕ್ಕೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಕ್ಲೋರೈಡ್ ಪರೀಕ್ಷೆಗೆ ಸಿಲ್ವರ್ ನೈಟ್ರೇಟ್ ಹಾಕುವಾಗ ಬೆರಳಿಗೆ ತಾಗಿದರೆ ಬಿಸಿಲಿಗೆ ಹೋಗುತ್ತಿದ್ದಂತೆ ಅಲ್ಲಿ ಕಪ್ಪು ಕಲೆ. ಸೋಪಿಗೂ ಹೋಗದು, ಹುಣಸೆಹಣ್ಣಿಗೂ ಹೋಗದು. ಚರ್ಮವೇ ಸವೆದು ಹೊಸದಾಗಬೇಕು. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದನ್ನು ರೂಪಿಸಿಕೊಟ್ಟಿತು. 1962ರ ಚುನಾವಣೆಯಿಂದ ಅದನ್ನು ತಯಾರಿಸುತ್ತಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ. ಪಿಯುಸಿ ಹುಡುಗರ ಪಾಲಿಗೆ ಪೀಡೆಯಾಗಿದ್ದ ಕಲೆ ಹೀಗೆ ದೇಶದ ಕೆಲಸಕ್ಕೆ ಬಂತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪ್ರತಿಯೊಬ್ಬರಿಗೂ ಪೊಟ್ಟಣದಲ್ಲಿ ಒಂದು ಸಾಲ್ಟ್ ಕೊಡುವರು. ಒಂದೊಂದೇ ಪರೀಕ್ಷೆ ಮಾಡುತ್ತಾ ಅದು ಯಾವುದೆಂದು ಕಂಡುಹಿಡಿಯಬೇಕು. ನಮ್ಮಲ್ಲಿ ಆ ಕಷ್ಟವಿರಲಿಲ್ಲ. ಪೊಟ್ಟಣ ಕಟ್ಟುವ ಅಟೆಂಡರ್ ಮಹಾ ಕರುಣಾಳು. ಡಿಸ್ಟಿಲ್ಡ್ ವಾಟರ್ ಕೊಡುವ ನೆಪದಲ್ಲಿ ಹತ್ತಿರ ಬಂದು ತನ್ನ ಉಂಗುರ ಮುಟ್ಟಿಕೊಂಡನೆಂದರೆ ಬ್ರೌನ್ ರಿಂಗ್, ಅಂದರೆ ನೈಟ್ರೇಟ್. ಹಲ್ಲು ತೋರಿಸಿದರೆ ಕ್ಯಾಲ್ಸಿಯಂ. ಇಷ್ಟು ತಿಳಿದ ಮೇಲೆ ಪ್ರನಾಳದಲ್ಲಿ ಉಂಗುರ ಮೂಡಿತೋ ಇಲ್ಲವೋ ಯಾರು ಬಗ್ಗಿ ನೋಡುತ್ತಾರೆ? ‘ಕಂದು ಉಂಗುರ ಕಂಡುಬಂದಿತು’ ಎಂದು ಮುದ್ದಾಗಿ ಬರೆದರಾಯಿತು. ಟೈಟ್ರೇಶನ್ನಿನ ಕಥೆಯೂ ಅಷ್ಟೇ. ಬ್ಯುರೆಟ್ಟಿನಲ್ಲಿ ಒಂದು ರೀಡಿಂಗ್ ನಿಜವಾಗಿ ತೆಗೆಯುವುದು, ಉಳಿದೆರಡನ್ನು ಅದರ ಆಚೀಚೆ ಕೂರಿಸುವುದು. ಮೂರೂ ತಾಳೆಯಾದರೆ ಅಂಕ, ತಾಳೆಯಾಗದಿದ್ದರೆ ಬೈಗುಳ. ವಿಜ್ಞಾನ ಓದಿದವರು ನಾವು; ಕಂಡದ್ದನ್ನು ಬಿಟ್ಟು ಕಾಣಬೇಕಾದದ್ದನ್ನು ಬರೆಯುವ ವಿದ್ಯೆ ಕಲಿತು ಹೊರಬಂದೆವು.

ಆದರೂ ಲ್ಯಾಬು ಎಂದರೆ ಏನೆಂಬ ಮೊದಲ ಸುಳಿವು ಸಿಕ್ಕಿದ್ದು ಅದೇ ಕಾಲೇಜಿನಲ್ಲಿ. ಫಿಸಿಕ್ಸ್ ಮೇಷ್ಟ್ರು ಒಂದು ದಿನ ಪಾಠ ಬಿಟ್ಟು ಕೋಲಾರದ ಚಿನ್ನದ ಗಣಿಯ ವಿಚಾರಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಉಪಕರಣ ಹೂಡಿದ್ದರಂತೆ. ಆಕಾಶದಿಂದ ಬರುವ ಕಣಗಳನ್ನು ಹಿಡಿಯಲು ಪಾತಾಳಕ್ಕೆ ಇಳಿಯುವುದೇಕೆ? ಮೇಷ್ಟ್ರು ಹೇಳಿದ್ದು ಇಷ್ಟು: ಸಂತೆಯಲ್ಲಿ ನಿಂತು ಪಿಸುಮಾತು ಕೇಳಲಾಗುವುದಿಲ್ಲ, ಮೊದಲು ಗದ್ದಲದಿಂದ ದೂರ ಹೋಗಬೇಕು. ಭೂಮಿಯ ಮೇಲೆ ಕಾಸ್ಮಿಕ್ ಕಣಗಳ ಮಳೆ ಸದಾ ಸುರಿಯುತ್ತಿರುತ್ತದೆ. ಅಷ್ಟು ದಪ್ಪದ ಕಲ್ಲು ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಡೆದರೂ ನ್ಯೂಟ್ರಿನೋ ಮಾತ್ರ ನುಸುಳಿ ಬರುತ್ತದೆ. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಅಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಗಾಜಿನ ಸಾಮಾನು, ಬಿಳಿ ಕೋಟು ಇದ್ದರೆ ಲ್ಯಾಬು ಎಂದುಕೊಂಡಿದ್ದ ನನಗೆ, ಬೇಡದ್ದನ್ನು ಹೊರಗಿಟ್ಟು ಬೇಕಾದ ಒಂದನ್ನೇ ಕೇಳುವ ಯಾವ ಜಾಗವಾದರೂ ಲ್ಯಾಬೇ ಎಂದು ಅಂದು ತಿಳಿಯಿತು. ಅದು ಗಣಿಯಾದರೂ ಸರಿ.

ಡಿಗ್ರಿ ಮುಗಿದ ಮೇಲೆ ಹಾಲಿನ ಶೀತಲೀಕರಣ ಕೇಂದ್ರವೊಂದರ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಊರೂರಿನ ಸೊಸೈಟಿಗಳಿಂದ ಲಾರಿಯಲ್ಲಿ ಕ್ಯಾನುಗಳು ಬರುತ್ತಿದ್ದವು. ಇಲ್ಲಿ ಉತ್ತರ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಉತ್ತರದ ಮೇಲೆ ದುಡ್ಡು ನಿಂತಿತ್ತು.

ಹಾಲಿನ ಪರೀಕ್ಷೆ ಎಂದರೆ ಲ್ಯಾಕ್ಟೋಮೀಟರ್ ಬಿಡುವುದು ಎಂದೇ ಜನ ತಿಳಿದಿದ್ದಾರೆ. ಹಳ್ಳಿಯಲ್ಲಿ ಅದಕ್ಕೆ ‘ಡಿಗ್ರಿ ನೋಡೋದು’ ಎನ್ನುತ್ತಾರೆ. ನೀರು ಬೆರೆತರೆ ಹಾಲು ಹಗುರಾಗಿ ಲ್ಯಾಕ್ಟೋಮೀಟರ್ ಕೆಳಗಿಳಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಕಳ್ಳನಿಗೂ ಇದು ಗೊತ್ತು. ಜಿಡ್ಡು ನೀರಿಗಿಂತ ಹಗುರ, ಹಾಗಾಗಿ ಕೆನೆ ತೆಗೆದುಬಿಟ್ಟರೆ ಉಳಿದ ಹಾಲು ಭಾರವಾಗಿ ಲ್ಯಾಕ್ಟೋಮೀಟರ್ ಮೇಲೇಳುತ್ತದೆ. ಆಮೇಲೆ ಹದ ನೋಡಿ ನೀರು ಸುರಿದರೆ ಮತ್ತೆ ಮೊದಲಿನ ಅಂಕೆಗೇ ಬಂದು ನಿಲ್ಲುತ್ತದೆ. ಎರಡು ಕಳ್ಳತನ ಸೇರಿದರೆ ಒಂದು ಪ್ರಾಮಾಣಿಕತೆ! ಸಕ್ಕರೆ ಬೆರೆಸುವವರೂ ಇದ್ದರು. ಅದಕ್ಕೇ ಡಿಗ್ರಿಯ ಜೊತೆ ಫ್ಯಾಟನ್ನೂ ನೋಡಲೇಬೇಕು. ಒಂದು ಸಾಕ್ಷಿ ಸುಳ್ಳು ಹೇಳಬಹುದು, ಎರಡು ಸಾಕ್ಷಿ ಒಂದೇ ಸುಳ್ಳನ್ನು ಹೇಳುವುದು ಕಷ್ಟ.

ಫ್ಯಾಟ್ ನೋಡಲು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡ ವಿಧಾನ. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿ.ಲೀ. ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ಗೋಡೆಗುಂಟ ಮೆಲ್ಲಗೆ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ರಬ್ಬರ್ ಬಿರಡೆ ಹಾಕಿ ಕುಲುಕಿದರೆ ಕೊಳವೆ ಹಿಡಿಯಲಾಗದಷ್ಟು ಕಾಯುತ್ತದೆ. ಬಟ್ಟೆ ಸುತ್ತಿ ಹಿಡಿಯಬೇಕು. ಜಿಡ್ಡೊಂದನ್ನು ಬಿಟ್ಟು ಹಾಲಿನಲ್ಲಿರುವ ಉಳಿದದ್ದನ್ನೆಲ್ಲ ಆಸಿಡ್ ಕರಗಿಸಿ ಕಪ್ಪು ಕಷಾಯ ಮಾಡುತ್ತದೆ. ನಿಮಿಷಕ್ಕೆ 1100 ಸುತ್ತು ತಿರುಗುವ ಸೆಂಟ್ರಿಫ್ಯೂಜಿನಲ್ಲಿಟ್ಟು ನಾಲ್ಕೈದು ನಿಮಿಷ ತಿರುಗಿಸಿದರೆ ತುಪ್ಪದ ಬಣ್ಣದ ಗೆರೆಯೊಂದು ಮೇಲೆ ತೇಲಿ ನಿಲ್ಲುತ್ತದೆ. ಆ ಗೆರೆಯ ಉದ್ದವೇ ಫ್ಯಾಟು. ಆ ವರ್ಷಗಳ ನನ್ನ ಅಂಗಿಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಆದರೆ ಆ ಗೆರೆ ನನಗೆ ಹಿಡಿಸಿತು. ನೂರು ಎಮ್ಮೆ ಕಟ್ಟಿದ ಸಾಹುಕಾರರ ಹಾಲಿಗೂ ಒಂಟಿ ಹೆಂಗಸಿನ ಒಂದೇ ಹಸುವಿನ ಹಾಲಿಗೂ ಅದು ಬೇರೆ ಬೇರೆ ಮುಖ ತೋರಿಸುತ್ತಿರಲಿಲ್ಲ. ಊರಿನಲ್ಲಿ ಅಂಥ ಜಾಗಗಳು ಬಹಳ ಇರಲಿಲ್ಲ.

ಹಾಗೆಂದು ಅಂಕೆಯೇ ಕೊನೆಯ ಮಾತಲ್ಲ. ಒಂದು ಸೊಸೈಟಿಯಲ್ಲಿ ವಯಸ್ಸಾದ ರೈತರೊಬ್ಬರ ಹಾಲಿಗೆ ದಿನವೂ ಡಿಗ್ರಿ ಕಡಿಮೆ ಬರುತ್ತಿತ್ತು. ನೀರು ಹಾಕುತ್ತಾರೆಂದು ಊರೆಲ್ಲ ಆಡಿಕೊಂಡಿತು. ಅವರು ನಮ್ಮಲ್ಲಿಗೇ ಬಂದು, ‘ನಮ್ಮನೆ ಹಾಲಿಗೆ ನೀರು ಹಾಕ್ತೀವಿ ಅಂತ ನಿಮ್ಮ ಗಾಜಿನ ಕಡ್ಡಿ ಹೇಳ್ತದಾ? ಹಂಗಾರೆ ಅದನ್ನ ನಮ್ಮ ಕೊಟ್ಟಿಗೆಗೇ ತಗಂಬನ್ನಿ’ ಎಂದರು. ನ್ಯಾಯವಾದ ಮಾತು. ಇಂಥ ಜಗಳಕ್ಕೆ ಡೇರಿಯವರಲ್ಲಿ ಹಳೆಯದೊಂದು ಪದ್ಧತಿಯಿದೆ: ಹಸುವನ್ನೇ ಕೇಳುವುದು. ಬೆಳಗಿನ ಜಾವ ಹೋಗಿ ಒಣಗಿದ ಪಾತ್ರೆ ಕೊಟ್ಟು ಎದುರಿಗೇ ಕರೆಸಿ ಪರೀಕ್ಷಿಸಿದೆವು. ಆಗಲೂ ಡಿಗ್ರಿ ಕಡಿಮೆಯೇ! ಬರಿಯ ಒಣಹುಲ್ಲು ತಿಂದುಕೊಂಡಿದ್ದ ಬಡಕಲು ಹಸು ಅದು. ಹೊಟ್ಟೆಗೆ ಸಾಲದಿದ್ದರೆ ಹಾಲಿನಲ್ಲಿ ಜಿಡ್ಡಲ್ಲದ ಘನಾಂಶ, ಅಂದರೆ ಎಸ್‌ಎನ್‌ಎಫ್, ಕುಗ್ಗುತ್ತದೆ. ಲ್ಯಾಕ್ಟೋಮೀಟರ್ ಹೇಳಿದ್ದು ಹಾಲು ತೆಳ್ಳಗಿದೆ ಎಂದಷ್ಟೇ. ನೀರು ಹಾಕಿದ್ದಾರೆ ಎಂದದ್ದು ಊರು. ಮುದುಕರ ಮಾನ ಉಳಿಯಿತು. ರೇಟು ಮಾತ್ರ ಜಾಸ್ತಿಯಾಗಲಿಲ್ಲ, ಏಕೆಂದರೆ ರೇಟು ಕಟ್ಟುವುದು ಫ್ಯಾಟು ಮತ್ತು ಎಸ್‌ಎನ್‌ಎಫ್‌ಗೆ, ಪ್ರಾಮಾಣಿಕತೆಗಲ್ಲ. ಅವರು ನಮಗೆ ಕಾಫಿ ಕೊಟ್ಟರು. ಹಾಲು ತೆಳ್ಳಗಿತ್ತು, ನಿಜ.

ಪರೀಕ್ಷಿಸುವ ಲ್ಯಾಬು ಒಂದು ಬಗೆಯಾದರೆ ತಯಾರಿಸಲು ಕಲಿಸುವ ಲ್ಯಾಬು ಇನ್ನೊಂದು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡಲಾಗದು, ಅದರ ಗಡ್ಡೆ ಎಳೆಯ ಹೊಟ್ಟೆಗೆ ಅರಗದು ಎಂಬ ಮಾತಿದ್ದ ಕಾಲದಲ್ಲಿ ಅದನ್ನು ಮಾಡುವ ವಿಧಾನವನ್ನು ಅಲ್ಲಿನವರು ಕಂಡುಕೊಂಡರು, ಗುಜರಾತಿನ ಅಮುಲ್ ಅದನ್ನು ಡಬ್ಬಿಯಲ್ಲಿ ತುಂಬಿ ದೇಶಕ್ಕೆಲ್ಲ ಹಂಚಿತು. ನಮ್ಮ ಕೇಂದ್ರದ ಹಿರಿಯರು ಈ ಕಥೆಯನ್ನು ತಮ್ಮದೇ ಸಾಧನೆಯೆಂಬಂತೆ ಹೇಳುತ್ತಿದ್ದರು.

ಆಷಾಢದಲ್ಲಿ ರಜೆ ಹಾಕಿ ಊರಿಗೆ ಹೋದರೆ ತೋಟದಲ್ಲಿ ಔಷಧಿ ಹೊಡೆಯುವ ಗಡಿಬಿಡಿ. ಅಡಿಕೆಗೆ ಕೊಳೆರೋಗ ಬಂದರೆ ಎಳೆಕಾಯಿ ಉದುರಿ ಮರದಡಿ ಹಾಸಿಬಿಡುತ್ತದೆ, ಒಂದು ವರ್ಷದ ಬದುಕೇ ಹೋದಂತೆ. ಅಜ್ಜನ ಕಾಲದವರು ಮಳೆ ತಾಗದಿರಲೆಂದು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮಲೆನಾಡಿನ ತೋಟಗಳಲ್ಲಿ ಅಲೆದು, ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಮೇಲೆ ಒಂದು ವರದಿಯನ್ನೇ ಬರೆದರು. ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮಲ್ಲಿ ಬೇರುಬಿಟ್ಟದ್ದು ಹಾಗೆ. ಆ ದ್ರಾವಣದ ಹುಟ್ಟು ಇನ್ನೂ ತಮಾಷೆಯದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚಿ ವಿಕಾರ ಮಾಡುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲವೆಂದು ಗಮನಿಸಿದವರು ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು. ಆಮೇಲೆ ಪ್ರಯೋಗ ಮಾಡಿ ಪ್ರಮಾಣ ಗೊತ್ತುಮಾಡಿ 1885ರಲ್ಲಿ ಲೋಕಕ್ಕೆ ತಿಳಿಸಿದರು.

ಅಪ್ಪ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಬೇರೆ ಬೇರೆ ಕರಗಿಸಿ ಬೆರೆಸುವರು. ಮಳೆಗೆ ತೊಳೆದು ಹೋಗದಿರಲೆಂದು ರಾಳದ ಅಂಟು ಸೇರಿಸುವರು. ಹೊಡೆಯುವ ಮೊದಲು ಒಂದು ಕೆಲಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ಬೆಳಕಿಗೆ ಹಿಡಿಯುವರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕಂಡರೆ ಹುಳಿ ಉಳಿದಿದೆ, ಹಾಗೇ ಹೊಡೆದರೆ ಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಕೆಂಪು ಕಾಣದಷ್ಟು ಸುಣ್ಣ ಬೀಳುವವರೆಗೆ ಮರ ಹತ್ತಲು ಬಂದವರು ಬೀಡಿ ಸೇದುತ್ತಾ ಕಾಯಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಲ್ಯಾಬು ಎಂಬ ಶಬ್ದವನ್ನೇ ಆಡಿದವರಲ್ಲ. ಆದರೆ ಕತ್ತಿಯಲ್ಲಿ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು. ಪಿಯುಸಿಯಲ್ಲಿ ನಾವು ಮಾಡದೆ ಬಿಟ್ಟದ್ದು ಇದನ್ನೇ.

ಮುಂದೆ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮಾಡಿಕೊಂಡು ಸರ್ಕಾರಿ ಆಸ್ಪತ್ರೆಗೆ ಸೇರಿದೆ, ಅಲ್ಲೇ ಕೂದಲು ಬೆಳ್ಳಗಾಯಿತು. ಸೇರಿದ ಹೊಸತರಲ್ಲಿ ಕ್ಷಯದ ಪರೀಕ್ಷೆ ಕಲಿಯುವಾಗ ಹಳೆಯ ಪರಿಚಯದವರು ಎದುರಾದರು. ಡೇರಿಯಲ್ಲಿ ಹಾಲನ್ನು ಕರಗಿಸುತ್ತಿದ್ದ ಸಲ್ಫ್ಯೂರಿಕ್ ಆಸಿಡ್ ಇಲ್ಲಿ ಬಣ್ಣ ತೊಳೆಯಲು ನಿಂತಿತ್ತು. ಡೇರಿಯ ಮೆಥಿಲೀನ್ ಬ್ಲೂ ಕೂಡ ಇತ್ತು. ಅಲ್ಲಿ ಅದನ್ನು ಹಾಲಿಗೆ ಹಾಕಿ ಬೆಚ್ಚಗಿಟ್ಟು ಕಾಯುತ್ತಿದ್ದೆವು. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕೆಟ್ಟ ಹಾಲು, ಐದು ಗಂಟೆ ನೀಲಿಯಾಗೇ ಇದ್ದರೆ ಬಲು ಒಳ್ಳೆಯ ಹಾಲು. ಇಲ್ಲಿ ಅದೇ ನೀಲಿಗೆ ಹಿನ್ನೆಲೆಯ ಕೆಲಸ. ಕಫವನ್ನು ಗಾಜಿನ ಮೇಲೆ ಸವರಿ, ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು ಆವಿಯೇಳುವಷ್ಟು ಕಾಯಿಸಿ, ಆಸಿಡ್ಡಿನಲ್ಲಿ ತೊಳೆದು, ಮೇಲೆ ನೀಲಿ ಹಾಕುತ್ತೇವೆ. ಕ್ಷಯದ ಕ್ರಿಮಿಗೆ ಮೇಣದಂಥ ಹೊದಿಕೆ. ಒಮ್ಮೆ ಹಿಡಿದ ಕೆಂಪನ್ನು ಆಸಿಡ್ಡಿಗೂ ಬಿಟ್ಟುಕೊಡುವುದಿಲ್ಲ. ಉಳಿದದ್ದೆಲ್ಲ ನೀಲಿ, ಅದರ ನಡುವೆ ಕೆಂಪು ಗೀಟುಗಳು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಮೊದಲು ಸಾರಿದ ಕ್ರಿಮಿಯನ್ನು ನಾನು ಮಲೆನಾಡಿನ ಆಸ್ಪತ್ರೆಯ ಕಿಟಕಿ ಪಕ್ಕ ಕೂತು ನೋಡುತ್ತಿದ್ದೆ.

ಇಲ್ಲವೆಂದು ಹೇಳುವುದೇ ಕಷ್ಟದ ಕೆಲಸ. ಕಂಡರೆ ಕಂಡಿತು, ಮುಗಿಯಿತು. ಕಾಣದಿದ್ದರೆ ಮೈಕ್ರೋಸ್ಕೋಪಿನಲ್ಲಿ ನೂರು ಫೀಲ್ಡುಗಳನ್ನಾದರೂ ನೋಡದೆ ‘ನೆಗೆಟಿವ್’ ಬರೆಯುವಂತಿಲ್ಲ. ನಲವತ್ತಕ್ಕೆ ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹೊರಗೆ ಕ್ಯೂ, ಕುತ್ತಿಗೆ ನೋವು, ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದ ರೋಗಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ತರಬೇತಿಗೆ ಹೋದಾಗ ನನಗೆ ಬಹಳ ಮೆಚ್ಚಿಗೆಯಾದದ್ದು ಅಲ್ಲಿನ ಯಂತ್ರಗಳಲ್ಲ, ಮರುಪರೀಕ್ಷೆಯ ಕ್ರಮ. ನಾವು ನೋಡಿದ ಸ್ಲೈಡುಗಳನ್ನು ಕಾಪಿಟ್ಟು, ಅವುಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ನಾವು ಬರೆದ ಉತ್ತರ ಮುಚ್ಚಿಟ್ಟು ಬೇರೊಬ್ಬರಿಗೆ ನೋಡಲು ಕೊಡುತ್ತಾರೆ. ಅವರಿಗೆ ಉಂಗುರ ಮುಟ್ಟಿ ತೋರಿಸುವವರು ಯಾರೂ ಇಲ್ಲ! ಕಾಲೇಜಿನಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಈ ಕ್ರಮ ಒಗ್ಗಲು ಬಹಳ ದಿನ ಬೇಕಾಗುತ್ತಿತ್ತು. ಜಾಣರೇ. ಆದರೆ ಇಬ್ಬರ ಎಣಿಕೆ ತಾಳೆಯಾಗದಿದ್ದರೆ ಮೊದಲು ‘ಸರ್, ಯಾವುದನ್ನ ಬರೀಲಿ?’ ಎಂದು ಕೇಳುವರು. ಕಂಡದ್ದನ್ನು ಬರಿ ಎಂದರೆ ಮುಖ ನೋಡುವರು. ಹನ್ನೆರಡು ವರ್ಷ ಓದಿಸಿ ನಾವು ಕಲಿಸಿದ್ದು ಇದು. ಪ್ರಾಕ್ಟಿಕಲ್ ಪರೀಕ್ಷೆ ನಡೆಸುವ ಮೇಷ್ಟ್ರುಗಳು ಒಂದು ವರ್ಷವಾದರೂ ಸರಿಯುತ್ತರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ಕಂಡದ್ದನ್ನು ಕಂಡಂತೆ ಬರೆದವರಿಗೆ ಕೊಟ್ಟು ನೋಡಬೇಕು.

ಅದೇ ಸಂಸ್ಥೆಯವರು ಅರವತ್ತರ ದಶಕದ ಮೊದಲಿಗೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದ ವಿಚಾರವನ್ನೂ ಅಲ್ಲೇ ಕೇಳಿದೆ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ದೊಡ್ಡವರೆಲ್ಲ ತಿಳಿದಿದ್ದರು. ಹೋಗಿ ಕೇಳಿದರೆ, ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು. ಅವರ ಕಫವನ್ನು ಯಾರೂ ನೋಡಿರಲಿಲ್ಲ. ದೊಡ್ಡ ಊರುಗಳಲ್ಲಿ ಕೂತಿದ್ದ ಮೈಕ್ರೋಸ್ಕೋಪು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಬರಲು ಇಂಥ ಅಧ್ಯಯನಗಳೇ ಕಾರಣ.

ಒಳಗಿನದನ್ನು ಹೊರಬಿಡದಿರುವ ಲ್ಯಾಬೂ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸೌದೆ ಸೊಪ್ಪಿಗೆ ಹೋದವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಹರಡುವುದು ಉಣುಗಿನಿಂದ. ಈ ವೈರಸ್ ಲ್ಯಾಬಿನಲ್ಲಿ ಅದನ್ನು ಪರೀಕ್ಷಿಸುತ್ತಿದ್ದವರಿಗೇ ತಗಲಿದ ಉದಾಹರಣೆಗಳು ಹಲವು. ಅದಕ್ಕೇ ಇಂಥ ಲ್ಯಾಬಿನಲ್ಲಿ ಗಾಳಿಯೂ ಒಳಗೆ ಬರಬಹುದೇ ಹೊರತು ಶುದ್ಧವಾಗದೆ ಹೊರಗೆ ಹೋಗುವಂತಿಲ್ಲ. ಈ ಮಂಗನ ಕಾಯಿಲೆಯ ಸೀಸನ್ನಿನಲ್ಲಿ ನಾವು ರಕ್ತದ ಮಾದರಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಶಿವಮೊಗ್ಗಕ್ಕೆ ಕಳಿಸುತ್ತಿದ್ದೆವು. ದಾರಿಯಲ್ಲಿ ಜೀಪು ಕೆಟ್ಟು ಐಸ್ ಕರಗಿದರೆ, ಅಲ್ಲಿ ಎಂಥ ಯಂತ್ರವಿದ್ದರೂ ಉಪಯೋಗವಿಲ್ಲ.

ಈ ಮಾತನ್ನು ಇಂದಿನವರಿಗೆ ಒತ್ತಿ ಹೇಳಬೇಕೆನಿಸುತ್ತದೆ. ಈಗ ಕ್ಷಯಕ್ಕೆ ಸಿಬಿನಾಟ್ ಯಂತ್ರ ಬಂದಿದೆ. ಎರಡು ಗಂಟೆಯಲ್ಲಿ ಕ್ರಿಮಿ ಇದೆಯೇ ಎಂಬುದನ್ನೂ, ಅದು ರಿಫಾಂಪಿಸಿನ್ ಔಷಧಿಗೆ ಜಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ. ಕುತ್ತಿಗೆ ನೋವಿಲ್ಲದ ಒಳ್ಳೆಯ ಯಂತ್ರ. ಆದರೆ ಡಬ್ಬಿಯಲ್ಲಿ ಬಂದದ್ದು ಕಫವೋ ಬರಿಯ ಉಗುಳೋ ಎಂಬ ಹಳೆಯ ತೊಂದರೆ ಅದಕ್ಕೂ ತಪ್ಪಿದ್ದಲ್ಲ. ನನ್ನ ಸೇವೆಯ ಬಹುಪಾಲು ಹೊತ್ತು ಕಳೆದದ್ದು ಮೈಕ್ರೋಸ್ಕೋಪಿನ ಮುಂದಲ್ಲ, ಆಸ್ಪತ್ರೆ ಹಿತ್ತಲಿನ ಬಯಲಿನಲ್ಲಿ. ‘ಅಜ್ಜಿ, ಉಗುಳು ಬ್ಯಾಡ. ಬಾಯಿ ಮುಕ್ಕಳಿಸಿ ಬನ್ನಿ. ಜೋರಾಗಿ ಉಸಿರೆಳ್ಕಂಡು ಎದೆಯಿಂದ ಕೆಮ್ಮಬೇಕು.’ ಅಜ್ಜಿ ನಾಚಿಕೊಂಡು, ‘ಇಷ್ಟು ಜನರೆದುರು ಹೆಂಗಪ್ಪಾ ಕ್ಯಾಕರಿಸ್ಲಿ?’ ಎನ್ನುವಳು. ಆಚೆ ತಿರುಗಿ ನಿಂತುಕೊಳ್ಳುತ್ತಿದ್ದೆ.

ಇಷ್ಟು ಓದಿದವರಲ್ಲಿ ಕೇಳಿಕೊಳ್ಳುವುದು ಇದು. ನಾಳೆ ನೀವು ಯಾವುದೇ ಲ್ಯಾಬಿಗೆ ಹೋದಾಗ ಹವಾನಿಯಂತ್ರಣ, ಹೊಳೆಯುವ ನೆಲ, ದೊಡ್ಡ ಬೋರ್ಡು ನೋಡಿ ನಂಬಬೇಡಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರೆ ಕಾಫಿ ಕುಡಿಯದೆ ಹೋಗಿ, ಕುಡಿದಿದ್ದರೆ ಕುಡಿದೆ ಎಂದು ಹೇಳಿ. ರಕ್ತ ತೆಗೆದ ಕೊಳವೆಯ ಮೇಲೆ ನಿಮ್ಮ ಹೆಸರನ್ನು ನೀವು ಕುರ್ಚಿಯಿಂದ ಏಳುವ ಮೊದಲು, ನಿಮ್ಮೆದುರಿಗೇ ಬರೆಯುತ್ತಾರೋ ಇಲ್ಲವೋ ನೋಡಿ. ಬರೆಯದಿದ್ದರೆ ಕೇಳಿ ಬರೆಸಿ. ಒಳ್ಳೆಯ ಟೆಕ್ನಿಶಿಯನ್ ಆಗಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲ.